ಆ ಹುಡುಗ ಆಮೇಲೆ ಎದ್ದನಾ?

ಜುಲೈ ತಿಂಗಳ ಒಂದು ಭಾನುವಾರ. ಹೊರಗೆ ಧೋ ಎಂದು ಮಳೆ. ಬೆಳಗಿನಿಂದ ಕರೆಂಟ್ ಇರಲಿಲ್ಲ. ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಅಕ್ಕನ ಮಗ ಒಂದು ವಿಡಿಯೊ ಹಾಕಿದ. ಯಾವುದೋ ಹಳ್ಳ, ಅದರ ಪಕ್ಕ ಒಂದು ದೊಡ್ಡ ಬಂಡೆ. ನೀರಿಗೆ ಹಾರಲು ಒಬ್ಬ ಹುಡುಗ ಬಂಡೆಯ ಮೇಲೆ ಓಡಿ ಬರುತ್ತಾನೆ. ಕೊನೆಯ ಹೆಜ್ಜೆಯಲ್ಲಿ ಕಾಲು ಜಾರುತ್ತದೆ. ದೊಪ್ಪನೆ ಬೀಳುತ್ತಾನೆ. ಅಲ್ಲಿಗೆ ಚಿತ್ರ ನಿಂತು ಕಾಮಿಡಿ ಸಂಗೀತ ಶುರುವಾಗುತ್ತದೆ. ಒಟ್ಟು 11 ಸೆಕೆಂಡ್. ಗುಂಪಿನಲ್ಲಿ ನಗುವ ಮುಖಗಳು ಸಾಲಾಗಿ ಬಂದವು. ನಾನೂ ಒಂದು ಹಾಕಿದೆ. ಆಫೀಸಿನ ಗುಂಪಿಗೂ ಕಳಿಸಿದೆ.

ಅರ್ಧ ಗಂಟೆ ಬಿಟ್ಟು ಹೊಸನಗರದ ದೊಡ್ಡಮ್ಮನ ವಾಯ್ಸ್ ಮೆಸೇಜ್ ಬಂತು. “ಆ ಹುಡ್ಗ ಆಮೇಲೆ ಎದ್ನೇನ್ರೋ?”

ಯಾರಿಗೂ ಗೊತ್ತಿರಲಿಲ್ಲ. ಅಕ್ಕನ ಮಗನಿಗೆ ಅದನ್ನು ಕಳಿಸಿದ ಗೆಳೆಯನಿಗೂ ಗೊತ್ತಿರಲಿಲ್ಲ. ವಿಡಿಯೊ ಎಲ್ಲಿಯದು ಎಂದು ಹುಡುಕಲು ಕೂತೆ. ಅದೇ ತುಣುಕು ಬೇರೆ ಬೇರೆ ಪುಟಗಳಲ್ಲಿ, ಬೇರೆ ಬೇರೆ ಹಾಡಿನ ಜೊತೆ ಸಿಕ್ಕಿತು. ಊರಿನ ಹೆಸರಿಲ್ಲ, ತಾರೀಖಿಲ್ಲ. ಎಲ್ಲ ಕಡೆಯೂ ಕತ್ತರಿ ಬಿದ್ದಿದ್ದು ಒಂದೇ ಜಾಗಕ್ಕೆ. ಅವನ ತಲೆ ಬಂಡೆಗೆ ಬಡಿಯಿತೋ, ಈಜಿ ದಡಕ್ಕೆ ಬಂದನೋ, ಏನೂ ಇಲ್ಲ. ಅವನಿಗೆ ಏನಾಯಿತು ಎಂದು ತಿಳಿಯದೆಯೇ ನಾವು ಇಷ್ಟು ಜನ ನಕ್ಕಿದ್ದೆವು.

ನಗಿಸುವ ವಿಡಿಯೊಗಳ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮಲೆನಾಡಿನ ಹುಡುಗ ಹುಡುಗಿಯರು ಮಾಡುವ ಎಷ್ಟೋ ವಿಡಿಯೊ ನನಗೆ ಬಹಳ ಇಷ್ಟ. ಮೂರು ದಿನವಾದರೂ ಒಣಗದ ಬಟ್ಟೆಯನ್ನು ಬಚ್ಚಲೊಲೆಯ ಹತ್ತಿರ ಹರವಿಡುವ ಅಮ್ಮ, ಕಾಲಿಗೆ ಇಂಬಳ (ಜಿಗಣೆ) ಹತ್ತಿತೆಂದು ಅಂಗಳದ ತುಂಬ ಕುಣಿದಾಡುವ ಪೇಟೆ ನೆಂಟರು, ಟವರ್ ಹುಡುಕಿಕೊಂಡು ಗುಡ್ಡ ಹತ್ತಿ ಕೊಡೆ ಹಿಡಿದು ಆಫೀಸ್ ಮೀಟಿಂಗ್‌ಗೆ ಕೂತವನು. ಇದೆಲ್ಲ ನಮ್ಮದೇ ಬದುಕು. ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗುತ್ತದೆ, ಯಾರಿಗೂ ಪೆಟ್ಟಾಗುವುದಿಲ್ಲ. ನಾನು ಹೇಳುತ್ತಿರುವುದು ಜಾರುವ, ಬೀಳುವ, ಗುದ್ದುವ ತುಣುಕುಗಳ ಬಗ್ಗೆ. ಅವೂ ‘ತಮಾಷೆ’ ಎಂದೇ ನಮ್ಮ ಫೋನಿಗೆ ಬರುತ್ತವೆ. ಅವನ್ನು ಮಾಡುವವನು ಒಬ್ಬ, ಆದರೆ ಸಾವಿರಾರು ಜನಕ್ಕೆ ಮುಟ್ಟಿಸುವವರು ನಾವು. ನಮ್ಮ ಈ ಪಾಲು ಎಷ್ಟು ದೊಡ್ಡದು ಎಂದು ನಾವು ಸರಿಯಾಗಿ ಲೆಕ್ಕ ಹಾಕಿಲ್ಲ ಅನಿಸುತ್ತದೆ.

ನಾವು ಕಳಿಸಿದ್ದು ಏನು ಮಾಡುತ್ತದೆ

2020ರ ಜೂನ್ 29ರಂದು ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಪುಟ್ಟ ವಿಡಿಯೊಗಳ ಹುಚ್ಚು ಅದರ ಜೊತೆ ಹೋಗಲಿಲ್ಲ. ಮರುತಿಂಗಳೇ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಮೊದಲೆಲ್ಲ ಬೇಕಾದ ವಿಡಿಯೊವನ್ನು ನಾವು ಹುಡುಕಿ ನೋಡುತ್ತಿದ್ದೆವು. ಈಗ ವಿಡಿಯೊ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಯಾವುದು ಯಾರಿಗೆ ಬರಬೇಕು ಎಂದು ತೀರ್ಮಾನಿಸುವುದು ಕಂಪ್ಯೂಟರ್. ಬಂಡೆಯ ಮೇಲಿನ ಹಾವಸೆ (ಪಾಚಿ) ಅದಕ್ಕೆ ಕಾಣುವುದಿಲ್ಲ. ಅದು ನೋಡುವುದು ನಮ್ಮನ್ನು. ಎಷ್ಟು ಹೊತ್ತು ನೋಡಿದರು, ಲೈಕ್ ಒತ್ತಿದರಾ, ಇನ್ನೊಬ್ಬರಿಗೆ ಕಳಿಸಿದರಾ? ಇನ್‌ಸ್ಟಾಗ್ರಾಮ್‌ನ ಮುಖ್ಯಸ್ಥ ಆಡಂ ಮೊಸೆರಿ 2025ರ ಜನವರಿಯಲ್ಲಿ ಈ ಮೂರನ್ನೇ ಮುಖ್ಯ ಎಂದು ಬಿಡಿಸಿ ಹೇಳಿದ್ದರು. ಅದರಲ್ಲೂ ಪರಿಚಯವೇ ಇಲ್ಲದ ಹೊಸಬರಿಗೆ ವಿಡಿಯೊ ಮುಟ್ಟಬೇಕಾದರೆ ಲೈಕ್‌ಗಿಂತ ಕಳಿಸುವುದೇ ಹೆಚ್ಚು ಕೆಲಸ ಮಾಡುತ್ತದೆ ಎಂದಿದ್ದರು.

ಈಗ ಒಬ್ಬ ಬೀಳುವ ತುಣುಕನ್ನು ಈ ಲೆಕ್ಕದಲ್ಲಿಟ್ಟು ನೋಡಿ. ಬೀಳುವಾಗ ‘ಅಯ್ಯೋ’ ಎಂದು ಬೆರಳು ನಿಲ್ಲುತ್ತದೆ. ಹೇಗೆ ಬಿದ್ದ ಎಂದು ಇನ್ನೊಮ್ಮೆ ನೋಡುತ್ತೇವೆ. ಪಕ್ಕದವರಿಗೆ ತೋರಿಸುತ್ತೇವೆ, ನಾಲ್ಕು ಜನಕ್ಕೆ ಕಳಿಸುತ್ತೇವೆ. ಕಂಪ್ಯೂಟರ್‌ಗೆ ಬೇಕಾದ್ದೆಲ್ಲ ಆಯಿತು. ಜನಕ್ಕೆ ಇದು ಇಷ್ಟ ಎಂದು ಬರೆದುಕೊಂಡು ಇನ್ನೂ ಹತ್ತು ಸಾವಿರ ಜನರ ಮುಂದೆ ಇಡುತ್ತದೆ. ‘ಎಂಥ ಪೆದ್ದ ನೋಡಿ’ ಎಂದು ಬೈದು ಕಳಿಸಿದರೂ ಅಷ್ಟೇ. ಬೈಗುಳಕ್ಕೂ ಹೊಗಳಿಕೆಗೂ ಅಲ್ಲಿ ಒಂದೇ ಬೆಲೆ.

ವಾಟ್ಸಾಪ್‌ನ ಕಥೆ ಸ್ವಲ್ಪ ಬೇರೆ. ಅಲ್ಲಿ ಹೀಗೆ ಎತ್ತಿ ತೋರಿಸುವ ಕಂಪ್ಯೂಟರ್ ಇಲ್ಲ, ಎಲ್ಲ ನಮ್ಮ ಕೈಯಿಂದಲೇ ಆಗಬೇಕು. 2018ರಲ್ಲಿ ಸುಳ್ಳು ಸುದ್ದಿ ನಂಬಿ ಗುಂಪು ಕಟ್ಟಿ ಹೊಡೆದು ಕೊಂದ ಘಟನೆಗಳು ನಡೆದ ಮೇಲೆ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಎಂಬ ಮಿತಿ ತಂದರು. 2020ರ ಏಪ್ರಿಲ್‌ನಿಂದ, ತುಂಬಾ ಸಲ ಕೈ ಬದಲಾದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದು. ಅಂಥದರ ಮೇಲೆ ಜೋಡಿ ಬಾಣದ ಗುರುತು ಬರುತ್ತದೆ. ನಮ್ಮ ಗುಂಪಿಗೆ ಬಂದ ಆ ಹುಡುಗನ ವಿಡಿಯೊ ಮೇಲೂ ಜೋಡಿ ಬಾಣ ಇತ್ತು. ಮೊದಲ ಸಲ ನೋಡಿದಾಗ ನಾನು ಗಮನಿಸಿರಲಿಲ್ಲ.

ಇದೆಲ್ಲ 16 ವರ್ಷದ ಹುಡುಗನಿಗೆ ಹೇಗೆ ಕಾಣುತ್ತದೆ? ಅವನ ಫೋನಿನಲ್ಲಿ ಎರಡೇ ಥರದ ಸಾಹಸ ಬರುತ್ತದೆ. ಒಂದು, ಗೆದ್ದದ್ದು. ಇನ್ನೊಂದು, ಬಿದ್ದು ಎಲ್ಲರನ್ನೂ ನಗಿಸಿದ್ದು. ಗೆದ್ದರೆ ಹೀರೊ, ಬಿದ್ದರೆ ಕಾಮಿಡಿ, ಎರಡರಲ್ಲೂ ವೀವ್ಸ್ ಸಿಗುತ್ತದೆ. ಮೂರನೆಯದು ಒಂದಿದೆ. ಆಸ್ಪತ್ರೆಯ ವಾರ್ಡು, ಮಂಚ ಹಿಡಿದ ಮಗ, ಸೊಸೈಟಿಯಲ್ಲಿ ಸಾಲ ಎತ್ತಿದ ಅಪ್ಪ. ಅದನ್ನು ಯಾರೂ ಹಾಡು ಹಾಕಿ ಬಿಡುವುದಿಲ್ಲ. ಗೆದ್ದ ವಿಡಿಯೊದ ಹಿಂದೆ ಇಪ್ಪತ್ತು ಸಲ ಸೋತದ್ದು ಇರಬಹುದು, ಕೆಳಗೆ ಹಾಸಿಗೆ ಹಾಸಿರಬಹುದು, ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಎಡಿಟಿಂಗ್‌ನಲ್ಲಿ ಅಳಿಸಿರಬಹುದು. ಅದೂ ಕಾಣುವುದಿಲ್ಲ. ಬರೀ ಅರ್ಧ ನೋಡಿದ ಮಗುವಿಗೆ ‘ನಿನಗೆ ಬುದ್ಧಿ ಇಲ್ವಾ’ ಎಂದು ಬೈದರೆ ಏನು ಪ್ರಯೋಜನ? ಉಳಿದ ಅರ್ಧವನ್ನು ಯಾರೂ ಅವನಿಗೆ ತೋರಿಸಿಲ್ಲ.

ದುಡ್ಡಿನ ಆಸೆಯೂ ಇದೆ. ಆ ಲೆಕ್ಕವನ್ನೂ ಮಕ್ಕಳ ಮುಂದೆ ಇಡಬೇಕು. ಶಾರ್ಟ್ಸ್‌ನ ಜಾಹೀರಾತಿನಲ್ಲಿ ಪಾಲು ಬೇಕಾದರೆ ಯೂಟ್ಯೂಬ್ ಕೇಳುವುದು 1,000 ಚಂದಾದಾರರು ಮತ್ತು 90 ದಿನದಲ್ಲಿ 1 ಕೋಟಿ ವೀಕ್ಷಣೆ. ತುಂಗೆಯ ದಡದಲ್ಲಿ ಗೆಳೆಯನ ಫೋನಿನಲ್ಲಿ ತೆಗೆದ ವಿಡಿಯೊಗಳಲ್ಲಿ ಎಷ್ಟು ಅಲ್ಲಿಗೆ ಮುಟ್ಟುತ್ತವೆ ಹೇಳಿ.

ನಮ್ಮ ಬಂಡೆ, ನಮ್ಮ ನೀರು, ನಮ್ಮ ರಸ್ತೆ

2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಶಿನಗುಂಡಿ ಜಲಪಾತದಲ್ಲಿ ನಡೆದದ್ದು ಇಲ್ಲಿಯ ಬಹಳ ಜನರಿಗೆ ನೆನಪಿರುತ್ತದೆ. ತೀರಿಹೋದವರು ನಮ್ಮ ಶಿವಮೊಗ್ಗ ಜಿಲ್ಲೆಯ ಯುವಕ. ಅವರು ಯಾವ ಸಾಹಸವನ್ನೂ ಮಾಡುತ್ತಿರಲಿಲ್ಲ. ಧುಮುಕುವ ನೀರಿನ ಪಕ್ಕದ ಬಂಡೆಯ ಮೇಲೆ ನಿಂತು ನೋಡುತ್ತಿದ್ದರು, ಜೊತೆಗಿದ್ದವರು ಚಿತ್ರ ತೆಗೆಯುತ್ತಿದ್ದರು. ಕಾಲು ಜಾರಿತು, ಕಣ್ಣು ಮಿಟುಕಿಸುವಷ್ಟರಲ್ಲಿ ನೀರು ಎಳೆದುಕೊಂಡು ಹೋಯಿತು. ದೇಹ ಸಿಕ್ಕಿದ್ದು ಒಂದು ವಾರದ ನಂತರ. ಆ ಒಂದು ವಾರವೂ ಆ ವಿಡಿಯೊ ಎಲ್ಲರ ಫೋನಿನಲ್ಲಿ ಓಡಾಡಿತು. ಮನೆಯವರು ಹುಡುಕುತ್ತಾ ಕೂತಿದ್ದಾಗ ಅವರ ಫೋನಿಗೂ ಅದು ಬಂದಿರಬಹುದು ಅಲ್ವಾ ಎಂದು ಯೋಚಿಸಿದರೆ ಇವತ್ತಿಗೂ ಸಂಕಟವಾಗುತ್ತದೆ.

ಸುಮ್ನೆ ನಿಂತವರಿಗೇ ಹಾಗಾದರೆ, ಅಲ್ಲಿ ಓಡಿ ಹಾರುವವರ ಕಥೆ ಏನು? ಮಲೆನಾಡಿನ ಮಳೆಗಾಲದ ಬಂಡೆ ಒಣಗುವುದೇ ಇಲ್ಲ. ಮೇಲೆ ಹಾವಸೆ ಕಟ್ಟಿರುತ್ತದೆ, ಎಷ್ಟೋ ಸಲ ಕಣ್ಣಿಗೆ ಕಾಣದಷ್ಟು ತೆಳುವಾಗಿ. ಚಪ್ಪಲಿ ಇದ್ದರೂ ಜಾರುತ್ತದೆ, ಬರಿಗಾಲಾದರೂ ಜಾರುತ್ತದೆ. ಇನ್ನು ನೀರು. ರಭಸವಾಗಿ ಹರಿಯುವ ಗೇಣುದ್ದದ ನೀರು ಸಾಕು, ದೊಡ್ಡವರ ಕಾಲನ್ನೂ ಕಿತ್ತು ಬೀಳಿಸುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಬೇಸಿಗೆಯಲ್ಲಿ ಮಕ್ಕಳು ಆಡುತ್ತಿದ್ದ ಜಾಗವೇ ಆರಿದ್ರಾ ಮಳೆ ಹಿಡಿದ ಮೇಲೆ ಬೇರೆಯಾಗುವುದು ಇದಕ್ಕೆ. ಅಬ್ಬಿಯ (ಜಲಪಾತದ) ಬುಡದಲ್ಲಿ ಏಳುವ ಬಿಳಿ ನೊರೆ ನೋಡಲು ಚಂದ. ಆದರೆ ಅದರಲ್ಲಿ ಅರ್ಧ ಗಾಳಿ ಇರುವುದರಿಂದ ಆ ನೀರು ಮೈಯನ್ನು ಎತ್ತಿ ಹಿಡಿಯುವುದಿಲ್ಲ, ಒಳ್ಳೆಯ ಈಜುಗಾರನೂ ಕೆಳಗೆ ಹೋಗುತ್ತಾನೆ. ಮೇಲೆ ಬರಲು ಹೋದವನನ್ನು ಅಲ್ಲಿಯ ಸುಳಿ ಮತ್ತೆ ಅಬ್ಬಿಯ ಕಡೆಗೇ ಎಳೆಯುತ್ತದೆ. ಇನ್ನೊಂದು ಮಾತು ಹೊರಗಿನಿಂದ ಬರುವವರಿಗೆ ಗೊತ್ತಿರುವುದಿಲ್ಲ. ನಾವು ನಿಂತಲ್ಲಿ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಹೊಡೆದಿದ್ದರೆ ಹಳ್ಳ ಕೆಲವೇ ನಿಮಿಷದಲ್ಲಿ ಏರುತ್ತದೆ. ನೀರು ಕೆಂಪಾಗುತ್ತಿದೆ, ಕಸಕಡ್ಡಿ ತೇಲಿ ಬರುತ್ತಿದೆ ಎಂದರೆ ಇಲ್ಲಿಯವರು ಮಾತಾಡದೆ ದಡ ಹತ್ತುತ್ತಾರೆ.

ಹಾರುವುದರ ಲೆಕ್ಕವೂ ಸರಳ. 5 ಮೀಟರ್ ಎತ್ತರದಿಂದ ಹಾರಿದವನು ಕೆಳಗೆ ಮುಟ್ಟುವಾಗ ಗಂಟೆಗೆ ಸುಮಾರು 36 ಕಿಲೋಮೀಟರ್ ವೇಗದಲ್ಲಿರುತ್ತಾನೆ. 10 ಮೀಟರ್ ಆದರೆ 50. ಆಳದ ನೀರಾದರೆ ಬಚಾವಾಗಬಹುದು. ರಾಡಿ ನೀರಿನ ಕೆಳಗೆ ಬಂಡೆಯೋ, ಹೊಳೆ ತಂದು ಹಾಕಿದ ಮರದ ದಿಮ್ಮಿಯೋ ಇದ್ದರೆ? ತಲೆ ಕೆಳಗೆ ಮಾಡಿ ಹಾರಿದವನ ಕುತ್ತಿಗೆಯ ಮೂಳೆ ಮುರಿದು ಬೆನ್ನುಹುರಿಗೆ ಪೆಟ್ಟಾದರೆ ಕೈಕಾಲು ಎರಡೂ ಹೋಗುತ್ತವೆ, ಮತ್ತೆ ಬರುವುದು ಕಷ್ಟ. ನೀರೇ ಇರಬೇಕೆಂದಿಲ್ಲ. 2019ರಲ್ಲಿ ತುಮಕೂರು ಜಿಲ್ಲೆಯಲ್ಲಿ ಟಿಕ್‌ಟಾಕ್‌ಗಾಗಿ ಹಿಂದಕ್ಕೆ ಪಲ್ಟಿ ಹೊಡೆಯಲು ಹೋದ ಯುವಕರೊಬ್ಬರು ಕುತ್ತಿಗೆ ಮೇಲೆ ಬಿದ್ದು, ಕೆಲವು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಅದು ಬರೀ ಸಮತಟ್ಟು ನೆಲ.

ಜೋಗದ ಬಗ್ಗೆ ಹೇಳಲೇಬೇಕು. ಶರಾವತಿ ಅಲ್ಲಿ 253 ಮೀಟರ್ ಕೆಳಗೆ ಬೀಳುತ್ತದೆ. ಬೇಲಿ ದಾಟಿ ಅಂಚಿಗೆ ಹೋಗಿ ವಿಡಿಯೊ ಮಾಡುವವರು ಒಂದು ವಿಷಯ ನೆನಪಿಡಬೇಕು. ಚಿತ್ರದುರ್ಗದ ಜ್ಯೋತಿರಾಜ್ ಅವರನ್ನು ಎಲ್ಲರೂ ಬಲ್ಲರು. ಕೋಟೆ ಗೋಡೆಯನ್ನು ಬರಿಗೈಯಲ್ಲಿ ಹತ್ತುವವರು, ಜೋಗದ ಬಂಡೆಯನ್ನೂ ಹತ್ತಿದವರು. 2018ರ ಜನವರಿಯಲ್ಲಿ ಕಾಣೆಯಾದ ಒಬ್ಬರನ್ನು ಹುಡುಕಲು ಇಳಿದ ಅವರೇ ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಮಾರನೇ ದಿನ ಅವರನ್ನು ಮೇಲೆ ತಂದರು. ವರ್ಷಗಟ್ಟಲೆ ಬಂಡೆ ಹತ್ತಿದವರ ಪಾಡೇ ಅದು.

ದೆಹಲಿ ಏಮ್ಸ್‌ನ ವೈದ್ಯರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2011ರ ಅಕ್ಟೋಬರ್‌ನಿಂದ 2017ರ ನವೆಂಬರ್‌ವರೆಗೆ ಸೆಲ್ಫಿ ತೆಗೆಯಲು ಹೋಗಿ ಸತ್ತವರ ಸುದ್ದಿಗಳನ್ನು ಜಗತ್ತಿನ ಎಲ್ಲ ಕಡೆಯಿಂದ ಒಟ್ಟು ಮಾಡಿದ್ದರು. 137 ಘಟನೆ, 259 ಸಾವು. ಅರ್ಧಕ್ಕಿಂತ ಜಾಸ್ತಿ ನಮ್ಮ ದೇಶದವು. ಸತ್ತವರಲ್ಲಿ ಹೆಚ್ಚಿನವರು ಯುವಕರು, ಎಲ್ಲಕ್ಕಿಂತ ಹೆಚ್ಚು ಜನ ಸತ್ತದ್ದು ನೀರಿನಲ್ಲಿ ಮುಳುಗಿ. ಘಟನೆಗಿಂತ ಸಾವಿನ ಸಂಖ್ಯೆ ಹೆಚ್ಚು ಏಕೆ ಎಂದು ನೋಡಿ. ಒಬ್ಬ ಜಾರಿದಾಗ ಉಳಿಸಲು ಇನ್ನೊಬ್ಬ ಹಾರುತ್ತಾನೆ. ಒಂದು ದೋಣಿಯಲ್ಲಿ ಎಲ್ಲರೂ ಒಂದೇ ಕಡೆ ವಾಲುತ್ತಾರೆ.

ರಸ್ತೆಯ ಸಾಹಸ ವರ್ಷವಿಡೀ ಇದ್ದದ್ದೇ. ವ್ಹೀಲಿಂಗ್ ಮಾಡುವಾಗ ಮುಂದಿನ ಚಕ್ರ ಗಾಳಿಯಲ್ಲಿರುತ್ತದೆ. ಬೈಕ್ ತಿರುಗಿಸುವುದು ಆ ಚಕ್ರ, ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲೂ ಅದರದ್ದೇ. ಎರಡನ್ನೂ ಬಿಟ್ಟುಕೊಟ್ಟ ಮೇಲೆ ಎದುರಿಗೆ ಒಂದು ದನ ಬಂದರೆ ಮಾಡುವುದು ಏನು? ಇನ್ನು ಓಡಿಸುತ್ತಲೇ ರೀಲ್ಸ್ ಮಾಡುವವರು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಫೋನ್ ನೋಡಿದರೆ 33 ಮೀಟರ್ ಕಣ್ಣು ಮುಚ್ಚಿ ಹೋದ ಹಾಗೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಮಳೆಗಾಲದ ಮಂಜು ಕವಿದಾಗ ಎದುರಿನ ಬಸ್ಸು ಅಷ್ಟು ದೂರಕ್ಕೂ ಕಾಣುವುದಿಲ್ಲ.

ಕಾನೂನು ಈಗ ಗಟ್ಟಿಯಾಗಿದೆ. ಅಪಾಯಕಾರಿಯಾಗಿ ಓಡಿಸಿದರೆ, ಓಡಿಸುವಾಗ ಫೋನ್ ಹಿಡಿದರೆ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಬರುತ್ತದೆ. ಮೊದಲ ತಪ್ಪಿಗೇ 5,000 ರೂಪಾಯಿವರೆಗೆ ದಂಡ ಅಥವಾ ಜೈಲು. 18 ತುಂಬದ ಮಗ ಓಡಿಸಿದರೆ 199ಎ ಕಲಂ. ಗಾಡಿ ಕೊಟ್ಟ ಅಪ್ಪ ಅಮ್ಮ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ನಮ್ಮ ಜಿಲ್ಲೆಯ ಕೋರ್ಟ್‌ಗಳೂ ಅಪ್ಪಂದಿರಿಗೆ ಈ ದಂಡ ಹಾಕಿವೆ. ಲೈಸೆನ್ಸ್ ಇಲ್ಲದವನು ಬೇರೆಯವರಿಗೆ ಗುದ್ದಿದರೆ, ವಿಮೆ ಕಂಪನಿ ಕೊಟ್ಟ ಪರಿಹಾರವನ್ನು ಗಾಡಿ ಮಾಲೀಕರಿಂದಲೇ ವಸೂಲಿ ಮಾಡಬಹುದು. ಒಂದು ಎಕರೆ ಅಡಿಕೆ ತೋಟ ಹೋಗಲು ಅಷ್ಟು ಸಾಕು. ಸಾಕ್ಷಿ ಹುಡುಕುವ ಕಷ್ಟವೂ ಪೊಲೀಸರಿಗಿಲ್ಲ, ನಂಬರ್ ಪ್ಲೇಟ್ ಸಮೇತ ವಿಡಿಯೊವನ್ನು ಹುಡುಗರೇ ಹಾಕಿರುತ್ತಾರೆ. ಹಾಗೆಂದು ಸಿಟ್ಟನ್ನು ಬೀದಿಯಲ್ಲಿ ತೀರಿಸಿಕೊಳ್ಳುವುದೂ ಸರಿಯಲ್ಲ. 2024ರ ಆಗಸ್ಟ್‌ನಲ್ಲಿ ನೆಲಮಂಗಲದ ಹತ್ತಿರ ವ್ಹೀಲಿಂಗ್ ಮಾಡುತ್ತಿದ್ದವರ ಸ್ಕೂಟರ್‌ಗಳನ್ನು ಜನ ಫ್ಲೈಓವರ್ ಮೇಲಿಂದ ಕೆಳಗೆ ಎಸೆದರು. ಕೆಳಗೆ ಯಾರಾದರೂ ಹೋಗುತ್ತಿದ್ದರೆ? ಆ ವಿಡಿಯೊವನ್ನೂ ನಕ್ಕು ಹಂಚಿದವರೇ ಜಾಸ್ತಿ.

ಧೈರ್ಯ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ತೋಟಕ್ಕೆ ಅಡಿಕೆ ಕೊನೆ ತೆಗೆಯಲು ಬರುವ ಕೊನೆಗೌಡರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಕಾಲಿಗೆ ತಳೆ ಎಂಬ ಬಳೆ ಹಾಕಿಕೊಂಡು ಮರ ಹತ್ತಿ, ಮೇಲಿಂದಲೇ ಪಕ್ಕದ ಮರಕ್ಕೆ ದಾಟುತ್ತಾರೆ. ನೋಡುವವರ ಎದೆ ಝಲ್ ಎನ್ನುತ್ತದೆ. ಅದರ ಹಿಂದೆ ಏನಿದೆ ಎಂಬುದು ಹತ್ತಿರದಿಂದ ನೋಡಿದವರಿಗೆ ಗೊತ್ತು. ಹತ್ತುವ ಮೊದಲು ಮರವನ್ನು ಕೆಳಗಿನಿಂದ ಮೇಲಿನವರೆಗೆ ನೋಡುತ್ತಾರೆ. ಮಳೆ ಹೊಳವಾಗಿ ಮರ ಆರುವವರೆಗೆ ಕಾಯುತ್ತಾರೆ. ‘ಇವತ್ತು ಬೇಡ’ ಎಂದರೆ ತೋಟದ ಯಜಮಾನ ಎಷ್ಟು ಕೇಳಿದರೂ ಹತ್ತುವುದಿಲ್ಲ. ಇಷ್ಟಾದರೂ ಬಿದ್ದವರು ಇದ್ದಾರೆ, ನಡ ಮುರಿದು ಮನೆಯಲ್ಲಿ ಮಲಗಿದವರು ಇದ್ದಾರೆ. ಅದಕ್ಕೇ ಈಗ ನೆಲದಲ್ಲಿ ನಿಂತು ಕೊನೆ ತೆಗೆಯುವ ಫೈಬರ್ ದೋಟಿ (ಉದ್ದದ ಕೋಲು) ಊರೂರಿಗೆ ಬಂದಿದೆ. ಆ ಕೆಲಸವನ್ನೇ ನಂಬಿ ಬದುಕಿದವರು ಅಪಾಯವನ್ನು ಕಡಿಮೆ ಮಾಡಿಕೊಳ್ಳುತ್ತಿದ್ದಾರೆ. ಅದೇ ಊರಿನ ಮಕ್ಕಳು ಒಂದು ಹಾಡಿಗಾಗಿ ಅಪಾಯವನ್ನು ಹುಡುಕಿಕೊಂಡು ಹೋಗುತ್ತಿದ್ದಾರೆ.

ಕಳಿಸುವ ಮೊದಲು

ಅಂದು ನಾನು ಆಫೀಸಿನ ಗುಂಪಿನಲ್ಲಿ ಆ ವಿಡಿಯೊ ಅಳಿಸಿದೆ. ಅಳಿಸಿದ್ದು ಯಾಕೆ ಎಂದು ಒಂದು ಸಾಲು ಬರೆದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಇಬ್ಬರು, ತಾವೂ ಬೇರೆ ಕಡೆ ಕಳಿಸಿದ್ದನ್ನು ತೆಗೆದೆವು ಎಂದರು. ಅಕ್ಕನ ಮಗನಿಗೆ ಬೈಯಲಿಲ್ಲ. ಅವನ ಜೊತೆ ಕೂತು ಅದೇ ತುಣುಕನ್ನು ನಿಧಾನವಾಗಿ ಓಡಿಸಿ ನೋಡಿದೆವು. ಬಿದ್ದವನ ತಲೆ ಯಾವ ಕಡೆಗಿತ್ತು, ಬಂಡೆ ಎಷ್ಟು ಹತ್ತಿರ ಇತ್ತು ಎಂದು. ಎರಡನೇ ಸಲಕ್ಕೇ ಅವನು ಫೋನ್ ಕೆಳಗಿಟ್ಟ. ಉಪದೇಶಕ್ಕಿಂತ ಇದು ಕೆಲಸ ಮಾಡುತ್ತದೆ ಎಂದು ನನಗೆ ಅನಿಸಿದೆ.

ಈಗ ಇಂಥದ್ದು ಬಂದರೆ ನಮ್ಮ ಮನೆಯ ಗುಂಪಿನಲ್ಲಿ ದೊಡ್ಡಮ್ಮನ ಪ್ರಶ್ನೆಯನ್ನೇ ಕೇಳುತ್ತೇವೆ. ಬಿದ್ದವನು ಎದ್ದು ನಕ್ಕಿದ್ದು ಕಂಡರೆ ನಾವೂ ನಗುತ್ತೇವೆ. ಕಾಣದಿದ್ದರೆ ಅಲ್ಲಿಗೇ ನಿಲ್ಲಿಸುತ್ತೇವೆ. ಪರಿಚಯದ ಹುಡುಗನೇ ಇಂಥ ವಿಡಿಯೊ ಹಾಕಿದ್ದರೆ ಕೆಳಗೆ ‘ಸೂಪರ್ ಮಗಾ’ ಎಂದು ಬರೆಯುವ ಬದಲು ಫೋನ್ ಮಾಡಿ ಮಾತಾಡಬೇಕು. ಎಲ್ಲರ ಮುಂದೆ ಬೈದರೆ ಮರುದಿನ ಇನ್ನೂ ಎತ್ತರದಿಂದ ಹಾರುವ ವಯಸ್ಸು ಅದು. ಆ್ಯಪ್‌ಗಳಲ್ಲಿ ‘ಆಸಕ್ತಿ ಇಲ್ಲ’ ಮತ್ತು ‘ರಿಪೋರ್ಟ್’ ಎಂಬ ಗುಂಡಿಗಳಿವೆ. ಅವನ್ನು ಒತ್ತಿ. ಬೈದು ಹಂಚುವುದಕ್ಕಿಂತ ಅದು ಎಷ್ಟೋ ಮೇಲು.

ಕಣ್ಣೆದುರೇ ಯಾರಾದರೂ ಬಿದ್ದರೆ ಮೊದಲು ಕ್ಯಾಮೆರಾ ನಿಲ್ಲಿಸಿ. ಬಂಡೆಯಿಂದಲೋ ಬೈಕ್‌ನಿಂದಲೋ ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ. ಕುತ್ತಿಗೆ ಅಲ್ಲಾಡಿದರೆ, ಆಗಲೇ ಪೆಟ್ಟಾದ ಬೆನ್ನುಹುರಿ ಇನ್ನೂ ಹಾಳಾಗುತ್ತದೆ. ನೀರಿಗೆ ಬಿದ್ದವರ ಹಿಂದೆ ಹಾರಬೇಡಿ. ಹಗ್ಗ, ಪಂಚೆ, ಉದ್ದದ ಗಳ, ಖಾಲಿ ಕ್ಯಾನ್, ಏನು ಸಿಕ್ಕಿದರೂ ಅವರ ಕಡೆಗೆ ಎಸೆಯಿರಿ, ಚಾಚಿ. ರಸ್ತೆಯಲ್ಲಿ ಬಿದ್ದವರಿಗೆ ಸಹಾಯ ಮಾಡಿದರೆ ಕೇಸು ಮೈಮೇಲೆ ಬರುತ್ತದೆ ಎಂಬ ಹೆದರಿಕೆ ಬೇಡ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಸಹಾಯಕ್ಕೆ ಬಂದವರನ್ನು ಕಾಪಾಡುತ್ತದೆ, ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯ ಮಾಡುವಂತಿಲ್ಲ. ಆಂಬುಲೆನ್ಸ್‌ಗೆ 108, ಪೊಲೀಸ್ ಮತ್ತು ಅಗ್ನಿಶಾಮಕ ದಳಕ್ಕೆ 112. ಆದರೆ ತೀರ್ಥಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೇ ಸುಮಾರು 60 ಕಿಲೋಮೀಟರ್. ಘಟ್ಟದ ಅಂಚಿನ ಹಳ್ಳಿಗಳಿಂದ ಇನ್ನೂ ದೂರ. ಎಷ್ಟೋ ಅಬ್ಬಿಗಳ ಹತ್ತಿರ ಫೋನ್ ಸಿಗ್ನಲ್ ಇರುವುದೇ ಇಲ್ಲ. ಎಲ್ಲಿ ಸಿಗುತ್ತದೆ ಎಂಬುದು ಅಲ್ಲಿಯ ಮನೆಯವರಿಗೆ ಗೊತ್ತಿರುತ್ತದೆ. ಗಾಡಿ ನಿಲ್ಲಿಸಿ ಹಳ್ಳದ ಕಡೆ ಇಳಿಯುವ ಮೊದಲು ಅವರ ಅಂಗಳಕ್ಕೆ ಹೋಗಿ ಎರಡು ಮಾತು ಕೇಳಿಕೊಳ್ಳಿ. ಇವತ್ತು ನೀರು ಹೇಗಿದೆ, ಟವರ್ ಎಲ್ಲಿ ಸಿಗುತ್ತದೆ.